ಕಮರಿಯ ಮೇಲೊಂದು ಕಮಾನು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಊರುಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹೊಳೆ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ಘಟಪ್ರಭೆ. ಬೀಳಗಿಯ ಕಡೆಗೆ ಹರಿದು ಹೋಗಿ ಚಿಕ್ಕಸಂಗಮದಲ್ಲಿ ಎರಡೂ ಒಂದಾಗುತ್ತವೆ. ನಮ್ಮ ಕಬ್ಬು ಬೆಳೆಯುವುದು ಈ ನೀರಿನಿಂದ. ಮಳೆಗಾಲದಲ್ಲಿ ಮಕ್ಕಳು ಮರಿ, ದನಕರುಗಳನ್ನು ಕಟ್ಟಿಕೊಂಡು ದಿಣ್ಣೆಗೆ ಓಡಬೇಕಾಗುವುದೂ ಈ ನೀರಿನಿಂದಲೇ. ಇಂಥ ಸೀಮೆಯ ಜನರ ಮುಂದೆ ಸೇತುವೆಯ ಮಾತು ತೆಗೆಯುವುದೆಂದರೆ ಹಸಿದವರ ಮುಂದೆ ರೊಟ್ಟಿಯ ಮಾತು ತೆಗೆದಂತೆಯೇ ಸರಿ. ಆದರೂ ಇಂದು ನಾನು ಹೇಳಬೇಕೆಂದಿರುವುದು ನಮ್ಮಲ್ಲಿಲ್ಲದ, ನಮ್ಮ ಬಯಲಿನಲ್ಲಿ ಮುಂದೆಯೂ ಕಟ್ಟಲಾಗದ ಒಂದು ಸೇತುವೆಯ ವಿಷಯವನ್ನು. ಅದನ್ನು ಇಲ್ಲಿ ಏಕೆ ಕಟ್ಟಲಾಗದು ಎಂದು ವಿಚಾರಿಸುತ್ತ ಹೋದರೆ ನಮ್ಮ ಹೊಳೆಗಳ ಸ್ವಭಾವವೂ ತಾನಾಗಿ ತಿಳಿಯುತ್ತದೆ.

ಮೊದಲು ಒಂದು ಮನೆಯ ಮಾತು. ನನ್ನ ತಾಯಿಯ ತವರು ಕೃಷ್ಣೆಯ ಆಚೆಯ ದಂಡೆಯಲ್ಲಿತ್ತು. ನಮ್ಮ ಊರಿನ ಅಗಸೆಯ ಹೊರಗೆ ನಿಂತರೆ ಆ ಊರಿನ ಗುಡಿಯ ಶಿಖರವೂ ಬೇವಿನ ಮರಗಳ ಸಾಲೂ ಕಾಣುತ್ತಿದ್ದವು. ಬೇಸಗೆಯಲ್ಲಿ ಮೊಣಕಾಲು ನೀರಿನಲ್ಲಿ ನಡೆದು ಹೋಗುತ್ತಿದ್ದೆವು. ಉಳಿದ ಕಾಲದಲ್ಲಿ ನಾವೆ. ನನಗೆ ಎಂಟು ವರ್ಷವಿದ್ದಾಗ ಒಂದು ಶ್ರಾವಣದಲ್ಲಿ, ಅಜ್ಜಿಗೆ ಹೆಚ್ಚಾಗಿದೆ ಎಂಬ ಸುದ್ದಿ ಸಂಜೆಯ ಕೊನೆಯ ನಾವೆಯಲ್ಲಿ ಬಂತು. ಬೆಳಗಾಗುವುದರೊಳಗೆ ಹೊಳೆ ಏರಿಬಿಟ್ಟಿತ್ತು. ಅಂಬಿಗರ ಹಿರಿಯನು ನೀರನ್ನೊಮ್ಮೆ, ನನ್ನ ತಾಯಿಯ ಮುಖವನ್ನೊಮ್ಮೆ ನೋಡಿ, “ಇವತ್ತ ಆಗೂದಿಲ್ಲ, ತಂಗೀ. ಹೊಳಿ ಕೇಳೂ ಹಂಗಿಲ್ಲ” ಎಂದನು. ರಸ್ತೆ ಹಿಡಿದು ಸುತ್ತಿ ಹೋಗೋಣವೆಂದರೆ ನಡುವಿನ ಹಳ್ಳಗಳೂ ತುಂಬಿದ್ದವು. ತಾಯಿ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ದಂಡೆಯ ಕಲ್ಲಿನ ಮೇಲೆ ಕುಳಿತಳು. ಹೊತ್ತು ಇಳಿಯುತ್ತಿದ್ದಾಗ ಆಚೆಯ ದಿಣ್ಣೆಯ ಮೇಲೆ ಹೊಗೆ ಎದ್ದಿತು. ಅದು ಯಾವ ಹೊಗೆ ಎಂದು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಮತ್ತೆ ನಾವೆ ಬಿಟ್ಟದ್ದು ಐದನೆಯ ದಿನಕ್ಕೆ.

ಮುಂದೆ ನಾನು ರಸ್ತೆ ಸೇತುವೆಗಳ ಕೆಲಸಕ್ಕೆ ಸೇರಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ನಾನು ಹೇಳುವುದಿಲ್ಲ, ತಾಯಿ ಹೇಳುತ್ತಿದ್ದಳು.

ಕೆಲಸದಿಂದ ನಿವೃತ್ತನಾದ ಮೇಲೆ ಅಮೇರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಅಳಿಯಂದಿರು ಏನು ನೋಡುವಿರಿ ಎಂದು ಕೇಳಿದಾಗ, ನಾನು ಪುಸ್ತಕಗಳಲ್ಲಿ ಮಾತ್ರ ಓದಿದ್ದ ಒಂದು ಸೇತುವೆಯ ಹೆಸರು ಹೇಳಿದೆ. ಪಶ್ಚಿಮ ವರ್ಜೀನಿಯಾ ಎಂಬ ಗುಡ್ಡಗಾಡು ರಾಜ್ಯದಲ್ಲಿ ಫೇಯೆಟ್‌ವಿಲ್ ಎಂಬ ಸಣ್ಣ ಊರು. ಅದರ ಬಳಿ ನ್ಯೂ ರಿವರ್ ಎಂಬ ಹೊಳೆ. ಹೆಸರಿನ ಅರ್ಥ ‘ಹೊಸ ಹೊಳೆ’ ಎಂದಾದರೂ ಭೂಶಾಸ್ತ್ರಜ್ಞರು ಅದನ್ನು ಲೋಕದ ಬಹು ಹಳೆಯ ಹೊಳೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಅಷ್ಟು ಕಾಲದಿಂದ ಗುಡ್ಡವನ್ನು ಕೊರೆದು ಕೊರೆದು ಅದು ಪಾತಾಳಕ್ಕಿಳಿದಿದೆ. ಮೇಲೆ ಕಾಡು, ಕೆಳಗೆ ಕಮರಿ, ಕಮರಿಯ ತಳದಲ್ಲಿ ಬಿಳಿಯ ಎಳೆಯಂತೆ ನೀರು. ಆ ಕಮರಿಯ ಒಂದು ತುಟಿಯಿಂದ ಇನ್ನೊಂದು ತುಟಿಗೆ ಉಕ್ಕಿನ ಒಂದೇ ಕಮಾನು ಹಾಯ್ದಿದೆ. ಅದರ ಬೆನ್ನ ಮೇಲೆ ಹೆದ್ದಾರಿ ಹೋಗುತ್ತದೆ.

ಎತ್ತರ ಎಷ್ಟೆಂದು ಹೇಳಿದರೆ ಸಾಲದು. ನಮ್ಮ ಕಣ್ಣಿಗೆ ಕಟ್ಟುವಂತೆ ಹೇಳಬೇಕು. ನೀರಿನಿಂದ ರಸ್ತೆಗೆ 876 ಅಡಿ, ಅಂದರೆ 267 ಮೀಟರು. ನಮ್ಮ ನೆರೆಯ ವಿಜಯಪುರದ ಗೋಳಗುಮ್ಮಟ ಸುಮಾರು 51 ಮೀಟರು ಎತ್ತರವಿದೆ. ಐದು ಗೋಳಗುಮ್ಮಟಗಳನ್ನು ಒಂದರ ನೆತ್ತಿಯ ಮೇಲೊಂದರಂತೆ ನಿಲ್ಲಿಸಿದರೂ ಆ ರಸ್ತೆ ಇನ್ನೂ ಒಂದಿಷ್ಟು ಮೇಲೆಯೇ ಇರುತ್ತದೆ. ಕಮಾನಿನ ಎರಡು ಪಾದಗಳ ನಡುವೆ 1,700 ಅಡಿ ಬಯಲು. ನಡುವೆ ಎಲ್ಲಿಯೂ ಕಂಬವಿಲ್ಲ. ಸೇತುವೆಯ ಒಟ್ಟು ಉದ್ದ 3,030 ಅಡಿ. 1974ರಲ್ಲಿ ಕೆಲಸ ಆರಂಭವಾಗಿ 1977ರ ಅಕ್ಟೋಬರ್ 22ರಂದು ರಸ್ತೆ ತೆರೆಯಿತು. ಖರ್ಚು ಸುಮಾರು 3 ಕೋಟಿ 70 ಲಕ್ಷ ಡಾಲರು. 2003ರಲ್ಲಿ ಚೀನದ ಶಾಂಘೈ ನಗರದ ಲುಪು ಸೇತುವೆ ಮುಗಿಯುವ ತನಕ ಒಂದೇ ಹಾಯ್ದಾಟದ ಕಮಾನುಗಳಲ್ಲಿ ಇದಕ್ಕಿಂತ ಉದ್ದದ್ದು ಲೋಕದಲ್ಲಿ ಬೇರೊಂದಿರಲಿಲ್ಲ.

ಆದರೆ ಅಂಕಿಗಳಿಗಿಂತ ನನ್ನ ಮನಸ್ಸಿಗೆ ಹತ್ತಿದ್ದು ಕೆಳಗಿನ ಹಳೆಯ ರಸ್ತೆ. ಸೇತುವೆ ಆಗುವುದಕ್ಕೆ ಮೊದಲು ಈ ದಂಡೆಯವನು ಆ ದಂಡೆಗೆ ಹೋಗಬೇಕಾದರೆ, ಹಾವಿನಂತೆ ಹೊರಳುವ ಆ ಇಕ್ಕಟ್ಟಿನ ದಾರಿಯಲ್ಲಿ ತಳಕ್ಕಿಳಿದು, ಸಣ್ಣದೊಂದು ಸೇತುವೆ ದಾಟಿ, ಮತ್ತೆ ಅಷ್ಟೇ ಹೊರಳುತ್ತ ಏರಬೇಕಾಗಿತ್ತು. ಅದಕ್ಕೆ 40 ನಿಮಿಷ ಹಿಡಿಯುತ್ತಿತ್ತು. ಈಗ ಒಂದು ನಿಮಿಷವೂ ಬೇಡ. ಆ ಹಳೆಯ ದಾರಿ ಇನ್ನೂ ಇದೆ. ನಾವೂ ಅದರಲ್ಲಿಯೇ ಇಳಿದೆವು. ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಮೇಲೆ ನೋಡಿದರೆ, ಕಮಾನು ಮೋಡದ ಹತ್ತಿರ ತಣ್ಣಗೆ ನಿಂತಿತ್ತು; ಅದರ ಮೇಲೆ ಹೋಗುವ ಲಾರಿಗಳ ಸದ್ದು ಮಾತ್ರ ಕೆಳಗೆ ಬರುತ್ತಿತ್ತು, ಲಾರಿ ಕಾಣುತ್ತಿರಲಿಲ್ಲ. ಈ ಕಮರಿಯಲ್ಲಿ ಮೊದಲು ಕಲ್ಲಿದ್ದಲಿನ ಗಣಿಗಳಿದ್ದವು; ಹೊಳೆಯ ದಂಡೆಗುಂಟ ಹಾಯ್ದ ರೈಲುದಾರಿ 1873ರಷ್ಟು ಹಿಂದೆಯೇ ಮುಗಿದಿತ್ತು. ಕಲ್ಲಿದ್ದಲು ಸಾಗುವುದಕ್ಕೆ ದಾರಿಯಾದ ನೂರು ವರ್ಷಗಳ ಮೇಲೆ, ಮನುಷ್ಯರು ಅಡ್ಡ ದಾಟುವುದಕ್ಕೆ ಸರಿಯಾದ ದಾರಿಯಾಯಿತು. ಹೀಗಾಗುವುದು ಅಲ್ಲಿಯೂ ಉಂಟು ಎಂದು ನನಗೆ ಒಂದು ಬಗೆಯ ಸಮಾಧಾನವೇ ಆಯಿತೆನ್ನಿ.

ಇನ್ನು, ಕಂಬವಿಲ್ಲದೆ ಅಷ್ಟು ಉದ್ದ ಹೇಗೆ ನಿಂತಿತು? ಇದಕ್ಕೆ ಉತ್ತರ ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿಯೇ ಇದೆ. ಹಾಸಿನ ಎಳೆಯನ್ನು ನೋಡಿರಿ. ಬಿಗಿದು ಎಳೆದರೆ ಅದು ಎಷ್ಟೋ ಭಾರ ತಡೆಯುತ್ತದೆ. ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿದರೆ ಮುದುಡಿ ಬೀಳುತ್ತದೆ. ಎಳೆತವೇ ಅದರ ಬಲ. ಕಲ್ಲಿನ ಗುಣ ಇದಕ್ಕೆ ತಿರುಗುಮುರುಗು. ಒತ್ತಿದಷ್ಟೂ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಈಗ ಒಂದು ನೂಲಿನ ಎರಡು ತುದಿಗಳನ್ನು ಎರಡು ಗೂಟಗಳಿಗೆ ಸಡಿಲಾಗಿ ಕಟ್ಟಿ ಜೋಲು ಬಿಡಿರಿ. ತನ್ನ ಭಾರಕ್ಕೆ ತಾನೇ ಒಂದು ಅಂದವಾದ ಬಾಗನ್ನು ಅದು ತಾಳುತ್ತದೆ. ಆ ಬಾಗನ್ನೇ ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಅದೇ ಕಮಾನು. ನೂಲಿನಲ್ಲಿ ಎಲ್ಲೆಲ್ಲಿ ಎಳೆತವಿತ್ತೋ ಅಲ್ಲೆಲ್ಲ ಕಲ್ಲಿನಲ್ಲಿ ಒತ್ತಡ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 17ನೆಯ ಶತಮಾನದಲ್ಲಿ ಈ ಸೂತ್ರವನ್ನು ಕಂಡುಹಿಡಿದು, ಬೇರೆಯವರು ಕದಿಯಬಾರದೆಂದು ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದನಂತೆ. ನಮ್ಮ ಗವಂಡಿಗಳಿಗೆ ಸೂತ್ರ ಗೊತ್ತಿತ್ತೋ ಇಲ್ಲವೋ, ಕೈಯಂತೂ ಗೊತ್ತಿತ್ತು. ಗೋಳಗುಮ್ಮಟದೊಳಗೆ ನಿಂತು ತಲೆಯೆತ್ತಿದರೆ, ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಆ ಮಹಾ ಗುಮ್ಮಟದ ಭಾರವನ್ನು ಗೋಡೆಗಳಿಗೆ ಸಾಗಿಸುವುದು ಕಾಣುತ್ತದೆ.

ಆದರೆ ಕಮಾನಿಗೆ ಒಂದು ಹಟವಿದೆ. ಇಬ್ಬರು ಎದುರುಬದುರಾಗಿ ನಿಂತು, ಅಂಗೈಗೆ ಅಂಗೈ ಕೊಟ್ಟು, ಮೈಯೆಲ್ಲ ಮುಂದಕ್ಕೆ ವಾಲಿಸಿರಿ. ಇಬ್ಬರ ಮೈಯೂ ಸೇರಿ ಕಮಾನಾಗುತ್ತದೆ. ಕಾಲ ಕೆಳಗೆ ಬಂಡೆಯಿದ್ದರೆ ಎಷ್ಟು ಹೊತ್ತಾದರೂ ನಿಲ್ಲಬಹುದು; ಈಗ ತಾನೇ ಸಾರಿಸಿದ ನೆಲವಾದರೆ ಕಾಲು ಹಿಂದಕ್ಕೆ ಜಾರಿ ಇಬ್ಬರೂ ಮೂಗು ಒಡೆದುಕೊಳ್ಳುತ್ತಾರೆ. ಕಮಾನು ಕೆಳಕ್ಕಷ್ಟೇ ಭಾರ ಹಾಕುವುದಿಲ್ಲ, ಪಾದಗಳನ್ನು ಹೊರಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯುವ ಹೆಗಲು ಎರಡೂ ಕಡೆಗೆ ಬೇಕು. ಕಮರಿಯ ಬಂಡೆಗೋಡೆಗಳು ಅಂಥ ಹೆಗಲುಗಳು. ಬಯಲು ಸೀಮೆಯಲ್ಲಿ ಲಕ್ಷಗಟ್ಟಲೆ ಸುರಿದು ಕಟ್ಟಬೇಕಾದುದನ್ನು ಅಲ್ಲಿ ಗುಡ್ಡವೇ ಕಟ್ಟಿಟ್ಟಿರುತ್ತದೆ.

ಕಟ್ಟಿದ ರೀತಿಯೂ ಕೇಳುವಂಥದು. ಹಳ್ಳದ ಮೇಲೆ ಕಮಾನು ಕಟ್ಟುವಾಗ ಗವಂಡಿಯು ಕೆಳಗೆ ಕಟ್ಟಿಗೆಯ ಸೆಂಟ್ರಿಂಗ್ ನಿಲ್ಲಿಸಿ, ಅದರ ಮೇಲೆ ಕಲ್ಲು ಜೋಡಿಸಿ, ನೆತ್ತಿಯ ಕಲ್ಲು ಕೂತ ಮೇಲೆ ಕಟ್ಟಿಗೆ ಬಿಚ್ಚುತ್ತಾನೆ. 876 ಅಡಿ ಎತ್ತರದ ಸೆಂಟ್ರಿಂಗ್ ಎಲ್ಲಿಂದ ತರುವುದು? ಅದಕ್ಕಾಗಿ ಕಮರಿಯ ಎರಡೂ ಅಂಚಿಗೆ 330 ಅಡಿಯ ಗೋಪುರಗಳನ್ನು ನಿಲ್ಲಿಸಿದರು. ಗೋಪುರದಿಂದ ಗೋಪುರಕ್ಕೆ 3,500 ಅಡಿ ಉಕ್ಕಿನ ಹಗ್ಗ ಹಾಯಿಸಿ, ಅದಕ್ಕೆ ತೊಟ್ಟಿಲಿನಂತೆ ನೇತುಹಾಕಿ ಒಂದೊಂದೇ ಉಕ್ಕಿನ ತುಂಡನ್ನು ತಂದು ಜೋಡಿಸುತ್ತ ಹೋದರು. ಎರಡು ದಂಡೆಗಳಿಂದ ಎರಡು ಅರೆಕಮಾನುಗಳು ಬಯಲಿಗೆ ಕೈ ಚಾಚುತ್ತ ಬಂದವು. ಅವು ಕಮರಿಗೆ ಬೀಳದಂತೆ ಹಿಂದಿನಿಂದ ಹಗ್ಗಗಳು ಜಗ್ಗಿ ಹಿಡಿದಿದ್ದವು. ಅಂದರೆ ಕೂಡುವ ತನಕ ಅದು ನೂಲಿನ ಬಲದಲ್ಲಿ ನಿಂತ ಕಟ್ಟಡ. ನಡುವೆ ಕೂಡಿ, ಹಗ್ಗ ಸಡಿಲಿಸಿದ ಮೇಲೆ ಅದು ಕಲ್ಲಿನ ಬಲಕ್ಕೆ ತಿರುಗಿತು. ನನ್ನಂಥವನಿಗೆ ಸೇತುವೆಯ ಕೆಲಸದಲ್ಲಿ ಇದಕ್ಕಿಂತ ರಮ್ಯವಾದ ಗಳಿಗೆ ಬೇರೆ ಇಲ್ಲ.

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಆ ಉಕ್ಕಿಗೆ ಬಣ್ಣವನ್ನೇ ಹಚ್ಚಿಲ್ಲ. ಮೊದಲ ನೋಟಕ್ಕೆ ಸೇತುವೆಯೆಲ್ಲ ಜಂಗು ಹಿಡಿದಂತೆ ಕೆಂಪು-ಕಂದಾಗಿ ಕಾಣುತ್ತದೆ. ಮಗಳು, “ಅಪ್ಪಾ, ಇಷ್ಟು ದೊಡ್ಡ ದೇಶಕ್ಕ ಬಣ್ಣ ಹಚ್ಚಾಕ ರೊಕ್ಕ ಇರಲಿಲ್ಲೇನು?” ಎಂದು ನಕ್ಕಳು. ಆ ಉಕ್ಕಿನ ಗುಣವೇ ಹಾಗೆ. ಅದರಲ್ಲಿ ತಾಮ್ರ ಮೊದಲಾದ ಲೋಹಗಳು ಸ್ವಲ್ಪ ಸ್ವಲ್ಪ ಬೆರೆತಿರುವುದರಿಂದ, ಮೇಲೆ ಹಿಡಿದ ಜಂಗು ಪದರಪದರವಾಗಿ ಉದುರದೆ ಗಟ್ಟಿಯಾಗಿ ಅಂಟಿಕೊಂಡು, ಒಳಗಿನ ಲೋಹಕ್ಕೆ ಹೊದಿಕೆಯಾಗುತ್ತದೆ. ಅಷ್ಟು ಎತ್ತರದಲ್ಲಿ ನೇತಾಡುತ್ತ ಕೆಲವು ವರ್ಷಗಳಿಗೊಮ್ಮೆ ಬಣ್ಣ ಬಳಿಯುವ ಕೆಲಸ ಹೀಗೆ ತಪ್ಪಿದೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿಯೇ ಜಮ್ಮು-ಕಾಶ್ಮೀರದ ರಿಯಾಸಿ ಜಿಲ್ಲೆಯಲ್ಲಿ ಚಿನಾಬ್ ಹೊಳೆಯ ಕಮರಿಗೆ ಉಕ್ಕಿನ ಕಮಾನು ಹಾಯ್ದಿದೆ. ಅದು ರೈಲಿನ ಸೇತುವೆ. ಹೊಳೆಯ ತಳದಿಂದ 359 ಮೀಟರು ಎತ್ತರ, ಕಮಾನಿನ ಹಾಯ್ದಾಟ 467 ಮೀಟರು. 2021ರ ಏಪ್ರಿಲಿನಲ್ಲಿ ಎರಡು ಅರೆಕಮಾನುಗಳು ಕೂಡಿದವು. 2025ರ ಜೂನ್ 6ರಂದು ಉದ್ಘಾಟನೆಯಾಯಿತು. ಅಲ್ಲಿಯ ಬಂಡೆ ಅಖಂಡವಾದುದಲ್ಲ, ಬಿರುಕುಗಳ ಬಂಡೆ. ಕಮಾನಿನ ಒದೆತವನ್ನು ಅಂಥ ಹೆಗಲು ತಾಳುವುದೇ ಎಂಬುದೇ ದೊಡ್ಡ ಚಿಂತೆಯಾಗಿತ್ತು. ಇದಕ್ಕೆ ಸಲಹೆಗಾರರಾಗಿ ದುಡಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ ಅವರು. ಒಂದೆರಡು ವರ್ಷವಲ್ಲ, 17 ವರ್ಷ. ಅಗೆದಂತೆ ಅಗೆದಂತೆ ಹೊಸ ಬಿರುಕುಗಳು ಕಾಣಿಸಿದವು. ಮೊದಲು ಬರೆದ ನಕ್ಷೆಯನ್ನೇ ಹಿಡಿದು ಕೂಡದೆ, ಬಂಡೆ ತೋರಿದಂತೆ ಲೆಕ್ಕ ತಿದ್ದುತ್ತ, ಉಕ್ಕಿನ ಸರಳುಗಳನ್ನು ಬಂಡೆಯೊಳಗೆ ಬಿಗಿದು ಅದನ್ನು ಹೊಲಿದರು. ಪಟಗಳಲ್ಲಿ ಎಲ್ಲರೂ ಕಮಾನನ್ನು ನೋಡುತ್ತಾರೆ. ನೋಡಬೇಕಾದದ್ದು ಅದರ ಪಾದಗಳನ್ನು.

ಈಗ ನಮ್ಮ ಹೊಳೆಗೆ ಬರೋಣ. ಜಮಖಂಡಿಯ ಕೃಷ್ಣೆ ಗುಡ್ಡ ಕೊರೆದು ಹರಿಯುವ ಹೊಳೆಯಲ್ಲ, ಬಯಲಿನಲ್ಲಿ ಮೈ ಚೆಲ್ಲಿ ಹರಿಯುವ ಹೊಳೆ. ದಂಡೆ ಎರೆಮಣ್ಣು, ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಒದೆತ ತಡೆಯುವ ಹೆಗಲು ಅದಕ್ಕೆಲ್ಲಿ? ಹಾಗೆಂದು ಕೃಷ್ಣೆಗೆ ಕಮಾನು ಹಾಕಿಯೇ ಇಲ್ಲವೆಂದಲ್ಲ. ರಾಯಚೂರು ಜಿಲ್ಲೆಯ ದೇವಸೂಗೂರಿನ ಹತ್ತಿರ ಹೈದರಾಬಾದು ಸಂಸ್ಥಾನದವರು 1940ರ ದಶಕದಲ್ಲಿ ಮುಗಿಸಿದ ಸೇತುವೆ ಸಾಲು ಕಮಾನುಗಳದೇ. ಅಲ್ಲಿ ಒಂದು ಕಮಾನಿನ ಒದೆತವನ್ನು ಪಕ್ಕದ ಕಮಾನಿನ ಒದೆತ ಸರಿತೂಗುತ್ತದೆ, ಹೆಗಲಿಗೆ ಹೆಗಲು ಕೊಟ್ಟು ನಿಂತ ಜನರ ಸಾಲಿನಂತೆ. ಆದರೆ ಹೊಳೆಯ ಉದ್ದಕ್ಕೂ ಕಂಬಗಳು ಬೇಕೇ ಬೇಕು.

ಬಯಲಿನಲ್ಲಿ ಎತ್ತರವೇ ದುಬಾರಿ. ಕಮರಿಯಲ್ಲಿ ರಸ್ತೆ ಗುಡ್ಡದ ಮೇಲಿಂದಲೇ ಬರುವುದರಿಂದ ಎತ್ತರ ಪುಕ್ಕಟೆ ಸಿಗುತ್ತದೆ. ಕಷ್ಟವಿರುವುದು ನಡುವಿನ ಹಾಯ್ದಾಟದಲ್ಲಿ. ನಮ್ಮಲ್ಲಿ ರಸ್ತೆ ನೀರಿನ ಮಟ್ಟಕ್ಕೇ ಬರುತ್ತದೆ. ಅದನ್ನು 1 ಮೀಟರು ಎತ್ತಬೇಕಾದರೆ 30 ಮೀಟರು ಹಿಂದಿನಿಂದ ಏರಿ ಹಾಕಿಕೊಂಡು ಬರಬೇಕು. ಇಲ್ಲವಾದರೆ ಕಬ್ಬು ಹೇರಿದ ಟ್ರ್ಯಾಕ್ಟರು ಏರಲಾರದು. 8 ಮೀಟರು ಎತ್ತುವುದಾದರೆ ಎರಡೂ ದಂಡೆಗೆ 240 ಮೀಟರಿನ ಮಣ್ಣಿನ ಏರಿ. ಅದಕ್ಕೆ ತಕ್ಕಷ್ಟು ಕಿಂಡಿ ಬಿಡದೆ ಹೋದರೆ, ಮಹಾಪೂರ ಬಂದಾಗ ಆ ಏರಿಯೇ ಹೊಳೆಗೆ ಅಡ್ಡ ಒಡ್ಡಾಗಿ, ಮೇಲಿನ ಊರುಗಳಿಗೆ ನೀರು ನುಗ್ಗುತ್ತದೆ. ಸೇತುವೆಯನ್ನು ಎತ್ತರಿಸಿರಿ ಎಂದು ನಾವು ಅರ್ಜಿ ಬರೆಯುವಾಗ ಈ ಮಾತು ನೆನಪಿನಲ್ಲಿರುವುದು ಒಳ್ಳೆಯದು. ಎತ್ತರಿಸಬಾರದೆಂದು ನನ್ನ ಮಾತಲ್ಲ. ಮಣ್ಣಿನ ಏರಿ ಕಡಿಮೆ ಮಾಡಿ ಕಂಬಗಳ ಮೇಲಿನ ದಾರಿಯನ್ನು ಉದ್ದ ಮಾಡಿರಿ ಎಂದು ಕೇಳಬೇಕು. ಖರ್ಚು ಹೆಚ್ಚು, ನಿಜ. ಅಗ್ಗದ ಎತ್ತರ ನಮ್ಮ ಹೊಳೆಗೆ ಒಗ್ಗುವುದಿಲ್ಲ.

ಆ ಖರ್ಚಿಗೆ ಅಂಜಿ ಹಿಂದಿನವರು ತಗ್ಗು ಸೇತುವೆಗಳನ್ನು ಕಟ್ಟಿದರು. ವರ್ಷಕ್ಕೆ ನಾಲ್ಕು ದಿನ ಮುಳುಗಿದರೆ ಮುಳುಗಲಿ ಎಂಬ ಲೆಕ್ಕ ಅದು. ಮುಧೋಳದಿಂದ ಯಾದವಾಡಕ್ಕೆ ಹೋಗುವ ಘಟಪ್ರಭೆಯ ಸೇತುವೆ ಹೀಗೆ ಮುಳುಗುವುದನ್ನು ನೀವು ಎಷ್ಟು ಸಲ ನೋಡಿಲ್ಲ! 2019ರ ಆಗಸ್ಟಿನ ಮಹಾಪೂರದಲ್ಲಂತೂ ದಾರಿ ಯಾವುದು, ಹೊಳೆ ಯಾವುದು ಎಂಬುದೇ ತಿಳಿಯದಂತಾಗಿತ್ತು. ಬೀಳಗಿಯ ಕಡೆ ಬೇರೊಂದು ಬಗೆ. ಆಲಮಟ್ಟಿಯ ನೀರು ಹಿಂದಕ್ಕೆ ನಿಂತು ಕೃಷ್ಣೆ ಅಲ್ಲಿ ಕಡಲಿನಂತಾಗಿದೆ. ಕೊರ್ತಿಯಿಂದ ಕೊಲ್ಹಾರಕ್ಕೆ ಹೋಗುವ ಸೇತುವೆ ಸುಮಾರು ಮೂರು ಕಿಲೋಮೀಟರು ಉದ್ದ, ಕಂಬದ ಹಿಂದೆ ಕಂಬ. ಆ ಅಮೇರಿಕದ ಸೇತುವೆಯ ಮೂರು ಪಟ್ಟು ಉದ್ದವಿದ್ದರೂ ಅದನ್ನು ನೋಡಲು ಯಾರೂ ದೂರದೇಶದಿಂದ ಬರುವುದಿಲ್ಲ. ಬಾರದಿದ್ದರೆ ಬೇಡ, ಹುಬ್ಬಳ್ಳಿ-ವಿಜಯಪುರದ ಬಸ್ಸು ನಿಲ್ಲದೆ ಹೋಗುತ್ತದೆ.

ರಬಕವಿಯವರ ಕಥೆಯನ್ನು ಅವರೇ ಚೆನ್ನಾಗಿ ಹೇಳಬಲ್ಲರು. ಎದುರಿಗೆ ಅಥಣಿ ತಾಲ್ಲೂಕಿನ ಮಹಿಷವಾಡಗಿ, ನಡುವೆ ಕೃಷ್ಣೆ. ಸಂತೆಗೆ, ಮಗ್ಗದ ಕೆಲಸಕ್ಕೆ, ಶಾಲೆಗೆ ಎಂದು ಎಷ್ಟೋ ವರ್ಷ ಜನ ದೋಣಿಯಲ್ಲಿಯೇ ದಾಟಿದರು; ಸೇತುವೆ ಬೇಕೆಂದು ಅಷ್ಟೇ ವರ್ಷ ಕೇಳಿದರು. ಇಂಥಲ್ಲಿ ದೂರವನ್ನು ಮೈಲಿಯಲ್ಲಿ ಅಳೆದರೆ ಏನೂ ತಿಳಿಯದು. ನಮ್ಮ ಊರಿನಿಂದ ಅಜ್ಜಿಯ ಊರು ಮೈಲಿಯ ಲೆಕ್ಕದಲ್ಲಿ ಒಂದೂವರೆ. ಆ ಶ್ರಾವಣದಲ್ಲಿ ಅದು ಐದು ದಿನ.

ಹೊಳೆಗೆ ಅಡ್ಡ ಕಟ್ಟುವ ಎದೆಗಾರಿಕೆ ಮಾತ್ರ ಈ ಸೀಮೆಗೆ ಹೊಸದಲ್ಲ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರದ ರೈತರು ತಾವೇ ಸಂಘ ಕಟ್ಟಿ, ತಾವೇ ಹಣ ಕೂಡಿಸಿ, ತಾವೇ ಮೈಮುರಿದು ಕೃಷ್ಣೆಗೆ ಬ್ಯಾರೇಜು ಕಟ್ಟಿ, ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ಆ ಬಲದ ಮೇಲೆಯೇ 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಹೋದರು. ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಹೋದರೆಂಬುದು ಆಗ ದೇಶಕ್ಕೇ ಸುದ್ದಿಯಾಯಿತು. ಕಮರಿಯ ಕಮಾನಿಗೆ ದೊಡ್ಡ ಕಂಪನಿ, ದೊಡ್ಡ ಗೋಪುರ ಬೇಕು. ತಗ್ಗಾದ, ಅಗಲವಾದ ಹೊಳೆಗೆ ಬಹಳ ಕೈಗಳು ಸೇರಿದರೂ ಸಾಗುತ್ತದೆ.

ಇಷ್ಟಾದರೂ ಕಮರಿಯನ್ನು ನೋಡಲೇಬೇಕೆಂಬ ಆಸೆ ನಿಮಗಿದ್ದರೆ ವರ್ಜೀನಿಯಾಕ್ಕೆ ಟಿಕೇಟು ತೆಗೆಯಬೇಕಾಗಿಲ್ಲ. ಮುಧೋಳಕ್ಕೆ ಬರುವ ಇದೇ ಘಟಪ್ರಭೆ ಗೋಕಾವಿಯಲ್ಲಿ 52 ಮೀಟರು ಧುಮುಕಿ, ಮರಳುಗಲ್ಲಿನ ಗೋಡೆಗಳ ನಡುವೆ ಕೊಳ್ಳದಲ್ಲಿ ಹರಿಯುತ್ತದೆ. ಅಲ್ಲಿಯ ಹಳೆಯ ತೂಗುಸೇತುವೆ ಸುಮಾರು 200 ಮೀಟರು ಉದ್ದ, ನಡೆದು ದಾಟುವವರಿಗಾಗಿ ಮಾಡಿದ್ದು. ಅದು ಕಮಾನಲ್ಲ, ನಾನು ಮೊದಲು ಹೇಳಿದ ಜೋಲುಬಿಟ್ಟ ನೂಲು. ಗಾಳಿಗೆ ಸಣ್ಣಗೆ ತೂಗುತ್ತದೆ. ಮಳೆಗಾಲ ಬಂತೆಂದರೆ ಮುಧೋಳದಲ್ಲಿರುವ ನನ್ನ ತಂಗಿ ಗೋಕಾವಿಯ ಬೀಗರಿಗೆ ಫೋನು ಮಾಡಿ ಮೊದಲು ಕೇಳುವುದು ಕ್ಷೇಮಸಮಾಚಾರವನ್ನಲ್ಲ. “ಧಬಧಬಿ ಹೆಂಗ ಐತ್ರಿ?” ಎಂದು ಕೇಳುತ್ತಾಳೆ. “ಬಂಡಿ ಒಂದೂ ಕಾಣವಲ್ಲದು” ಎಂದು ಉತ್ತರ ಬಂದರೆ, ಯಾದವಾಡದಿಂದ ಬರುವ ಹಾಲಿನವನಿಗೆ ಎರಡು ದಿನದ ಹಾಲು ಒಮ್ಮೆಗೇ ತಂದಿಡು ಎಂದು ಹೇಳಿ ಕಳಿಸುತ್ತಾಳೆ.